ಎದುರಿಗೆ ಬಂದವಳ ಗಾಡಿ

ಹಳೆ ಮೋಟರ್ ಸೈಕಲ್ ಕೊಳ್ಳುವವರು ಇಂಜಿನಿನ ಸದ್ದು ಕೇಳುವ ಮೊದಲು ಹ್ಯಾಂಡಲ್ಲಿಗೆ ಏನೇನು ಕಟ್ಟಿದ್ದಾರೆ ನೋಡಬೇಕು. ಒಂದು ಕರಿದಾರ ಎಲ್ಲರ ಗಾಡಿಯಲ್ಲೂ ಇರುತ್ತದೆ, ಬಿಡಿ. ದಾರದ ಜೊತೆಗೆ ತಾಯತ, ತಾಯತದ ಕೆಳಗೆ ಒಣಗಿದ ನಿಂಬೆ-ಮೆಣಸಿನಕಾಯಿ, ಹಿಂದೆ ನಂಬರ್ ಪ್ಲೇಟಿನ ಹತ್ತಿರ ಹಳೆ ಚಪ್ಪಲಿ ಇದ್ದರೆ, ಗಾಡಿ ಎಷ್ಟು ಸಲ ಬಿದ್ದಿದೆ ಎಂದು ಮಾಲೀಕನನ್ನು ಕೇಳಬೇಕಾಗಿಲ್ಲ. ಬಿದ್ದಾಗಲೆಲ್ಲ ಒಂದೊಂದು ಏರಿರುತ್ತದೆ.

ಮಳೆ ಕೈಕೊಟ್ಟ ವರ್ಷಗಳವು. ಭಾತಂಬ್ರಾದಿಂದ ದಿನಕ್ಕೊಂದು ಮನೆಯವರು ಗಂಟು ಕಟ್ಟಿಕೊಂಡು ಭಾಲ್ಕಿಗೆ ಹೋಗಿ, ರೈಲು ಹತ್ತಿ ಪುಣೆ, ಮುಂಬಯಿ ಎಂದು ಹೊರಡುತ್ತಿದ್ದರು. ದಾರಿಗೆ ಬುತ್ತಿ ಬೇಕಲ್ಲ? ಗಂಡ ತೀರಿಕೊಂಡ ಮೇಲೆ ನಾನು ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಮಾಡಿ ಸ್ಟೇಷನ್ನಿನಲ್ಲಿ ಮಾರಲು ಶುರುಮಾಡಿದ್ದೆ. ರೈಲು ಬೆಳಿಗ್ಗೆ. ಅದು ಹೋದ ಮೇಲೆ ಬುಟ್ಟಿ ಹೊತ್ತು ನಿಂತರೆ ಕೇಳುವವರಿಲ್ಲ. ಬಸ್ಸನ್ನು ನಂಬಿದರೆ ರೈಲು ತಪ್ಪುತ್ತಿತ್ತು. ಹಾಗಾಗಿ ಭಾಲ್ಕಿಗೆ ಕಟ್ಟಡದ ಗೌಂಡಿ ಕೆಲಸಕ್ಕೆ ಹೋಗುವ ಮೋಟರ್ ಸೈಕಲ್ಲಿನವರನ್ನು ಕೇಳೋಣವೆಂದು ಒಂದು ಮುಂಜಾನೆ ಊರ ತಿರುವಿನಲ್ಲಿ ನಿಂತೆ.

ಮೊದಲು ಬಂದವನು ನನ್ನ ಮೈದುನ. ನನ್ನನ್ನು ಕಂಡವನೇ ಗಾಡಿ ಬಂದ್ ಮಾಡಿದ. ಕೂರಿಸಿಕೊಳ್ಳುತ್ತಾನೆಂದು ನಾನು ಬುಟ್ಟಿ ಎತ್ತಿದೆ. ಅವನು ಗಾಡಿ ತಿರುಗಿಸಿ, ಮನೆಯ ತನಕ ತಳ್ಳಿಕೊಂಡು ಹೋಗಿ, ತಂಬಿಗೆ ನೀರು ಕುಡಿದು, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಮತ್ತೆ ಹೊಸದಾಗಿ ಹೊರಟ. ಗಂಡ ಸತ್ತವಳು ಎದುರಾದರೆ ಗಾಡಿಯವರು ಹಾಗೆ ಮಾಡಬೇಕಂತೆ. ಅವನ ಹಿಂದೆ ಬಂದ ಮೂವರೂ ಅವನಂತೆಯೇ ಗಾಡಿ ತಿರುಗಿಸಿದರು.

ಸಂಜೆ ಮೈದುನನೇ ಮನೆಗೆ ಬಂದ. “ವೈನಿ, ತಪ್ಪು ತಿಳೀಬ್ಯಾಡ್ರಿ. ಮುಂಜಾನಿ ನಾವು ಹೋಗೋತನಕ ಒಳಗ ಇರ್ರಿ. ರೋಡಿನ ಮ್ಯಾಲ ತಿರುಗೋ ಮಂದಿ ನಾವು.”

“ನಾ ಏನು ಅಟ್ಟದ ಮ್ಯಾಲ ತಿರುಗ್ತೇನಿ? ನಂದೂ ರೋಡಿನ ಮ್ಯಾಲಿನ ಧಂದಾನ ಅದ.”

“ಹಂಗಲ್ರಿ ವೈನಿ…”

ಅವರು ಹೋಗುವ ತನಕ ಒಳಗಿದ್ದರೆ ನನ್ನ ರೈಲೂ ಹೋಗಿರುತ್ತಿತ್ತು, ಅದರ ಹಿಂದೆ ನನ್ನ ಒಲೆಯೂ ಆರುತ್ತಿತ್ತು. ಗಾಡಿ ನನ್ನದೇ ಇರಬೇಕು ಎಂದು ನಿಶ್ಚಯಿಸಿದೆ.

ನನ್ನ ತವರು ಔರಾದ ತಾಲೂಕಿನ ಸಂತಪುರ. ಅಲ್ಲಿ ನೆರೆಮನೆಯ ಕಾಕಾ ಎರಡು ಸಲ ಬಿದ್ದು, ಕಾಲು ಮುರಿದುಕೊಂಡು, ಗಾಡಿಯನ್ನು ದನದ ಕೊಟ್ಟಿಗೆಗೆ ಸೇರಿಸಿದ್ದರು. ಮನೆಮಂದಿಯೆಲ್ಲ ಹೈದರಾಬಾದಿಗೆ ಹೊರಡುವವರಿದ್ದರು. ಕೆಟ್ಟ ಗಾಡಿಯೆಂದು ಯಾರೂ ಕೊಳ್ಳುತ್ತಿರಲಿಲ್ಲ. ನೋಡಿದರೆ ಹ್ಯಾಂಡಲ್ಲೇ ಕಾಣದಷ್ಟು ಕಟ್ಟಿದ್ದರು. ಅಷ್ಟೂರಿನ ದರ್ಗಾದಿಂದ ತಂದ ತಾಯತವೂ ಇತ್ತು. ನಾನು ಬ್ರೇಕ್ ಒತ್ತಿದೆ. ಪೆಡಲ್ಲು ಸುಮ್ಮನೆ ಕೆಳಗಿಳಿಯಿತು.

“ಕಾಕಾ, ಬ್ರೇಕಿನ ಶೂ ಯಾವಾಗ ಬದಲಿ ಮಾಡೀರಿ?”

“ತಾಯತ ಹೋದ ತಿಂಗಳ ಬದಲಿ ಮಾಡೀನಿ.”

“ತಾಯತ ಗಾಡಿ ನಿಲ್ಲಸ್ತದೇನ್ರಿ?”

“ತಂಗಿ, ಇದು ಮಂದೀನ ಕೆಡವೋ ಗಾಡಿ ಅದ. ನಿನಗ್ಯಾಕ ಬೇಕು?”

“ನನ್ನ ಮಾರಿ ನೋಡಿದ್ರೂ ಮಂದಿ ಹಿಂದ ಸರೀತಾರ್ರಿ. ಇದಕ್ಕೂ ನನಗೂ ಜೋಡಿ ಛಲೋ ಆಗ್ತದ.”

ಮಾರುವವನೇ ತನ್ನ ಮಾಲನ್ನು ಕೆಟ್ಟದ್ದೆಂದ ಮೇಲೆ ಚೌಕಾಸಿ ಮಾಡುವವರು ಹೆಚ್ಚು ಮಾತಾಡಬಾರದು. ಸುಮ್ಮನೆ ಕೂತರೆ ಸಾಕು. ನಾನು ಕೂತೆ. ಬೆಲೆ ಇಳಿಯಿತು. ಆಮೇಲೂ ಏಳಲಿಲ್ಲ. ಹೆಲ್ಮೆಟ್ ಸೇರಿಸಿ ಕೊಡಬೇಕು, ಹೊರಡುವ ತನಕ ಗಾಡಿ ಕಲಿಸಬೇಕು, ನಿಮ್ಮೆಲ್ಲರ ದಾರಿಯ ರೊಟ್ಟಿ ನನ್ನದು ಎಂದೆ. ಕಾಕಾ ನಕ್ಕು ಒಪ್ಪಿದರು. ಕಟ್ಟಿದ್ದನ್ನೆಲ್ಲ ಬಿಚ್ಚಿ ತಮ್ಮ ಗಂಟಿಗೆ ಹಾಕಿಕೊಂಡರು, ನಾನು ತಡೆಯಲಿಲ್ಲ.

ಕಲಿತದ್ದು ಬತ್ತಿದ ಕೆರೆಯ ಅಂಗಳದಲ್ಲಿ. ಅಷ್ಟು ಸಪಾಟು ಜಾಗ ಆ ವರ್ಷ ಬೇರೆಲ್ಲೂ ಇರಲಿಲ್ಲ. ಕಚ್ಚೆ ಸೀರೆಯವಳಿಗೆ ಗಾಡಿ ಹತ್ತುವುದು ಕಷ್ಟವೇನಲ್ಲ. ಕಾಕಾ ದಂಡೆಯ ಮೇಲೆ ಕೋಲೂರಿ ಕುಳಿತು “ಕ್ಲಚ್, ಕ್ಲಚ್” ಎಂದು ಒದರುತ್ತಿದ್ದರು. ಲೈಸೆನ್ಸಿಗೆಂದು ಬೀದರಕ್ಕೆ ಹೋದಾಗ ಎರಡೂ ಗಾಲಿಗೆ ಹೊಸ ಬ್ರೇಕ್ ಶೂ ಹಾಕಿಸಿದೆ. ಗ್ಯಾರೇಜಿನ ಮಿಸ್ತ್ರಿ ಕೆಲಸ ಮುಗಿಸಿ ಒಂದು ನಿಂಬೆಹಣ್ಣು ತಂದ. “ಅಕ್ಕಾ, ಇದು ಕಟ್ಟದೆ ನಾ ಗಾಡಿ ಹೊರಗ ಬಿಡಂಗಿಲ್ಲ.” ನಿಂಬೆಹಣ್ಣು ತೆಗೆದುಕೊಂಡು ಚೀಲಕ್ಕೆ ಹಾಕಿದೆ. ರಾತ್ರಿ ಬೇಳೆಗೆ ಹಿಂಡಿದೆ.

ಮರುವಾರ ರೊಟ್ಟಿಯ ಬುಟ್ಟಿ ಹಿಂದೆ ಕಟ್ಟಿ ಭಾತಂಬ್ರಾದ ತಿರುವಿಗೆ ಬಂದಾಗ ಮೈದುನನದೂ ಸೇರಿ ನಾಲ್ಕೂ ಗಾಡಿಗಳು ಬಂದ್ ಆದವು. “ನೀರು ಕುಡದು ಬರ್ರಿ, ನಾ ಮುಂದ ಹೋಗ್ತೇನಿ” ಎಂದು ಹೊರಟುಹೋದೆ. ಎಂಟು ದಿನ ಅವರು ಕೆಲಸಕ್ಕೆ ತಡವಾಗಿ ಮುಟ್ಟಿದರು, ಕಟ್ಟಡದ ಮೇಸ್ತ್ರಿ ಬೈದ. ಆಗ ಅವರೇ ಕೂತು ಒಂದು ದಾರಿ ಹುಡುಕಿದರು. ಮೈದುನ ಬಂದು ಹೇಳಿದ, “ವೈನಿ, ನೀವು ನಮಗಿಂತ ಮದಲ ಹೋಗಿಬಿಡ್ರಿ. ಬೆನ್ನು ಕಂಡ್ರ ದೋಷ ಇಲ್ಲಂತ.”

“ರೊಟ್ಟಿ ಆದಾಗ ಹೋಗ್ತೇನಿ. ಬೆನ್ನು ಕಾಣಲಿ, ಮಾರಿ ಕಾಣಲಿ.”

ಬೇಸಿಗೆಗೆ ಕಟ್ಟಡದ ಕೆಲಸವೂ ನಿಂತಿತು. ಮೈದುನ ಗಾಡಿ ಮಾರಿ ಪುಣೆಗೆ ಹೊರಟ. ಹೊರಡುವ ದಿನ ಬಸ್ಸು ಬರಲಿಲ್ಲ. ಗಂಟು ಹಿಡಿದು ಅದೇ ತಿರುವಿನಲ್ಲಿ ನಿಂತಿದ್ದ. ನಾನು ಗಾಡಿ ನಿಲ್ಲಿಸಿದೆ. ಹತ್ತುವ ಮೊದಲು ಅವನು ಜೇಬಿನಿಂದ ಕರಿದಾರ ತೆಗೆದು ನನ್ನ ಹ್ಯಾಂಡಲ್ಲಿಗೆ ಸುತ್ತತೊಡಗಿದ.

“ಬಿಚ್ಚು.”

“ವೈನಿ, ಇವತ್ತೊಂದಿನ…”

“ಬಿಚ್ಚು. ಇಲ್ಲಾ ನಡಕೋತ ಹೋಗು. ಹತ್ತೂದಕ್ಕೂ ಮದಲ ನನ್ನ ಮಾರಿ ನೋಡು.”

ಅವನು ಭಾಲ್ಕಿಯ ರಸ್ತೆ ನೋಡಿದ, ಗಂಟು ನೋಡಿದ. ದಾರ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು, ಕೊನೆಗೆ ನನ್ನ ಮುಖ ನೋಡಿದ. ನಾನು ಹೆಲ್ಮೆಟ್ಟಿನ ಗಾಜು ಪೂರ್ತಿ ಮೇಲೆತ್ತಿ ಹಿಡಿದಿದ್ದೆ. ಅವನು ಕಣ್ಣು ಕೆಳಗಿಳಿಸುವ ತನಕ ಗಾಡಿ ಚಾಲೂ ಮಾಡಲಿಲ್ಲ.

ರೈಲು ಸಿಕ್ಕಿತು. ಕಿಟಕಿಯಿಂದ ಕೈ ಚಾಚಿ, “ವೈನಿ, ಇನ್ನೆರಡು ರೊಟ್ಟಿ ಕೊಡ್ರಿ” ಎಂದ. ಕೊಟ್ಟೆ. ಬುಟ್ಟಿ ಖಾಲಿ ಮಾಡಿ ಬರುವಾಗ ರೈಲ್ವೆ ಗೇಟಿನ ಹತ್ತಿರ ಎದುರಿನಿಂದ ಒಬ್ಬ ಅಪರಿಚಿತ ಗಾಡಿಯವನು ಬಂದ. ಅವನು ಎತ್ತಿದ ಗಾಜಿನೊಳಗೆ ಕುಂಕುಮವಿಲ್ಲದ ನನ್ನ ಹಣೆ ನೋಡಿ ವೇಗ ತಗ್ಗಿಸಿದ. ನಾನು ಹಾರ್ನ್ ಹೊಡೆದೆ.