ಸ್ಪೀಕರ್ ಚಾಚಾ ಮತ್ತು ನನ್ನ ಮೀಸೆ

ಸವಣೂರು ಕಡೆ ಹೋರಿ ಹಬ್ಬಕ್ಕೆ ಸ್ಪೀಕರ್ ಹಚ್ಚುತ್ತಿದ್ದ ಚಾಚಾ ನನ್ನೊಡನೆ ಮಾತಾಡುವಾಗ ಕಣ್ಣನ್ನು ನೋಡುತ್ತಿರಲಿಲ್ಲ, ಬಾಯಿಯನ್ನು ನೋಡುತ್ತಿದ್ದರು. ತುಟಿ ಮುಚ್ಚುವಷ್ಟು ಬೆಳೆಸಿದ್ದ ನನ್ನ ಮೀಸೆಯನ್ನು ಒಳಗೊಳಗೇ ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ಗುಮಾನಿ. ಅವರ ಒಂದು ಅಂಗೈ ಸದಾ ಸ್ಪೀಕರಿನ ಮೇಲೆ. ಸಪ್ಪಳ ಕಡಿಮೆ ಮಾಡಿ ಎಂದರೂ, “ಇನ್ನೊಂಚೂರು ಏರಸ್ಲೇನು?” ಎನ್ನುತ್ತಿದ್ದರು.

ಕೇಳಿಸದವರಂತೆ ನಟಿಸುತ್ತಾರೆಂದು ಪರೀಕ್ಷೆಗೆ ಇಳಿದೆ. ಹಾಡು ನಿಂತಾಗ ಅವರ ಬೆನ್ನ ಹಿಂದೆ ನಿಂತು, “ಹೋರಿ ಬಂತು, ಓಡ್ರಿ” ಎಂದು ಕೂಗಿದೆ. ಓಣಿಯೆಲ್ಲ ಓಡಿತು. ಅದನ್ನು ನೋಡಿ ಗಾಬರಿಯಾಗಿ ನಾನೂ ಓಡಿ ಗಟಾರಕ್ಕೆ ಬಿದ್ದೆ. ಚಾಚಾ ಕದಲಲಿಲ್ಲ. ಆಮೇಲೆ ಬಂದು ನನ್ನನ್ನು ಎತ್ತಿ, “ಯಾಕ ಓಡಿದ್ರಪಾ ಎಲ್ಲಾರೂ?” ಎಂದರು.

“ನಿಮಗ ಕೇಳ್ಸಲಿಲ್ಲೇನ್ರಿ?” ಎಂದೆ.

ನನ್ನ ತುಟಿಯನ್ನೇ ನೋಡಿದರು. “ಕಿವಿ ಪರದಿ ಉಳ್ಳಾಗಡ್ಡಿ ಪೊರಿ ಇದ್ದಂಗ. ಸಪ್ಪಳ ಬಡದ್ರ ನಡಗತೈತಿ, ಅದಕ್ಕ ನಮಗ ಕೇಳತೈತಿ. ಹೋದ ಹಬ್ಬದಾಗ ಬಾಜೂಕ ಪಟಾಕಿ ಸಿಡದು ಎರಡೂ ಹರದು, ಒಳಗಿನ ನರಾನೂ ಸತ್ತುವು. ಈಗ ಹಾಡು ಅಂಗೈಲೆ, ಮಾತು ತುಟಿ ನೋಡಿ ತಿಳಕೋತೇನಿ. ಯಾರ ಮುಂದೂ ಹೇಳಬ್ಯಾಡಪಾ. ಕಿವುಡಗ ಸ್ಪೀಕರ್ ಕೆಲಸ ಯಾರ ಕೊಡ್ತಾರ?”

ಅಂದಿನಿಂದ ಗುಮಾನಿ ಅವರದಾಯಿತು. ನಾನು ಯಾರೊಡನೆ ಮಾತಾಡಿದರೂ ದೂರದಿಂದ ನನ್ನ ಬಾಯಿಯನ್ನೇ ಕಾಯುತ್ತಿದ್ದರು. ಅವರಿಗೆ ಕಾಣಲೆಂದು ನಾನು ಅವರತ್ತ ಮುಖ ಮಾಡಿಯೇ ಮಾತಾಡುತ್ತಿದ್ದೆ. ಮೀಸೆಯನ್ನೂ ಬೋಳಿಸಿಬಿಟ್ಟೆ.