ಮೂವತ್ತೈದು ಮೀಟರ್

ನಮ್ಮಕ್ಕನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡಲು ಮನೆಯಲ್ಲೇ ಮಾಪಕ ಇಟ್ಟುಕೊಂಡವಳು. ಭಾವ ತಡವಾಗಿ ಬಂದು ಬಸ್ಸಿನ ನೆಪ ಹೇಳಿದರೆ, ದೂರವನ್ನು ವೇಗದಿಂದ ಭಾಗಿಸಿ, "ಇನ್ನರ್ಧ ಗಂಟೆ ಎಲ್ಲಿದ್ರಿ?" ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಪಾಪ, ಆ ಮನುಷ್ಯ ನೆಪ ಹೇಳುವುದನ್ನೇ ಬಿಟ್ಟುಬಿಟ್ಟರು.

ಇಂಥವಳು ಭೌತಶಾಸ್ತ್ರ, ರಸಾಯನಶಾಸ್ತ್ರದ ಟ್ಯೂಷನ್ ಟೀಚರ್. ಮುಂದಿನ ಕೋಣೆಯಲ್ಲಿ ಎರಡು ಬೆಂಚು, ಒಂದು ಕಪ್ಪು ಹಲಗೆ. ಹೋಂವರ್ಕ್ ಲೆಕ್ಕಗಳ ಜೊತೆ ಉತ್ತರಗಳನ್ನೂ ಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದಳು, ಮಕ್ಕಳು ತಾಳೆ ನೋಡಿಕೊಳ್ಳಲಿ ಎಂದು. ಅವುಗಳಲ್ಲಿ ಒಂದು ಬೇಕೆಂದೇ ಬರೆದ ತಪ್ಪು ಉತ್ತರ. ಅದೂ ಯಾವ ಸೂತ್ರ ಮರೆತರೂ, ಎಲ್ಲಿ ಎಡವಿದರೂ ಬಾರದಂಥ ಸಂಖ್ಯೆ. ಅದನ್ನು ಬರೆದವರು ಲೆಕ್ಕ ಮಾಡಿಲ್ಲ, ಉತ್ತರ ನೋಡಿ ಹೊಂದಿಸಿದ್ದಾರೆ ಎಂದು ಅವಳ ತೀರ್ಮಾನ. ಈ ಗುಟ್ಟು ನನಗೂ ಗೊತ್ತಾದದ್ದು ಆಮೇಲೆಯೇ.

ನನ್ನ ಮಗಳೂ ಅಲ್ಲಿಗೇ ಹೋಗುತ್ತಿದ್ದಳು. ಅವಳಿಗೆ ವಿಜ್ಞಾನ ಓದುವ ಹುಚ್ಚು, ನಮ್ಮನೆಯವರಿಗೆ ಅವಳ ಕೈಲಿ ಆಗುತ್ತದೋ ಇಲ್ಲವೋ ಎಂಬ ಅನುಮಾನ. "ದೊಡ್ಡಮ್ಮ ಹೂಂ ಅಂದ್ರೆ ಸೈನ್ಸ್, ಇಲ್ಲಾಂದ್ರೆ ಕಾಮರ್ಸ್," ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಕಾಲೇಜಿಗೆ ಅರ್ಜಿ ಹಾಕುವ ವಾರ ಅಕ್ಕ ನನ್ನನ್ನು ಕರೆಸಿದಳು. ಮಗಳು ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ನೋಡು ನಿನ್ನ ಮಗಳ ಘನಕಾರ್ಯ," ಎಂದಳು ಅಕ್ಕ. "ಮಹಡಿಯಿಂದ ಬಿಟ್ಟ ಕಲ್ಲು ಎರಡು ಸೆಕೆಂಡಿಗೆ ನೆಲ ಮುಟ್ಟುತ್ತೆ. ಎತ್ತರ ಇಪ್ಪತ್ತು ಮೀಟರ್. ನಾನು ಬೇಕಂತಲೇ ಮೂವತ್ತೈದು ಅಂತ ಬರೆದಿದ್ದೆ. ಇವಳೂ ಮೂವತ್ತೈದೇ ಬರ್ಕೊಂಡು ಬಂದಿದಾಳೆ. ಇಂಥವಳಿಗೆ ಹೂಂ ಅನ್ಲಾ?"

ನಾನೂ ಮಗಳನ್ನು ಕಳ್ಳಿಯನ್ನು ನೋಡಿದ ಹಾಗೆ ನೋಡಿದೆ. ಅಕ್ಕನದು ಅಂಟುರೋಗ.

"ನಂಗೆ ಇಪ್ಪತ್ತೇ ಬಂದಿತ್ತು ದೊಡ್ಡಮ್ಮ," ಎಂದಳು ಮಗಳು. "ಮತ್ತೆ ಮತ್ತೆ ಮಾಡಿದ್ರೂ ಅಷ್ಟೇ ಬಂತು. ನೀವು ತಪ್ಪು ಬರೆಯಲ್ಲ, ನಾನೇ ಎಲ್ಲೋ ತಪ್ಪಿರ್ಬೇಕು ಅಂತ ಅಳಿಸಿಬಿಟ್ಟೆ."

ಅಕ್ಕ ಅಷ್ಟಕ್ಕೇ ನಂಬುವವಳೇ? ಸೀಮೆಸುಣ್ಣ ಕೈಗಿಟ್ಟು, ಉತ್ತರ ಹೇಳದೆ ಬೇರೆ ಲೆಕ್ಕ ಕೊಟ್ಟಳು. ಕಲ್ಲು ಮೂರು ಸೆಕೆಂಡು ಬಿದ್ದರೆ? ನಲವತ್ತೈದು ಮೀಟರ್. ಮೂವತ್ತಾರು ಗ್ರಾಂ ನೀರಾಗಲು ಹೈಡ್ರೋಜನ್ ಎಷ್ಟು ಬೇಕು? ನಾಲ್ಕು ಗ್ರಾಂ. ಮಗಳ ಕೈ ಎಲ್ಲೂ ತಡವರಿಸಲಿಲ್ಲ.

ಅಕ್ಕ ಹಲಗೆಯ ಮೇಲಿನ ಒಂದೊಂದು ಸಾಲನ್ನೂ ಬೆರಳಿಟ್ಟು ತಾಳೆ ನೋಡಿದಳು. ಆಮೇಲೆ ನಮ್ಮನೆಯವರಿಗೆ ಫೋನ್ ಮಾಡಿ, "ಸೈನ್ಸಿಗೇ ಸೇರಿಸಿ," ಎಂದಳು. ನನಗೆ ಹೋದ ಜೀವ ಬಂದಂತಾಯಿತು.

"ಎಲ್ಲಾ ಸರಿ ಮಾಡಿದೀಯ ಕಣೇ," ಎಂದು ಅಕ್ಕ ಮಗಳ ತಲೆ ಸವರಿದಳು. ಅವಳ ಬಾಯಲ್ಲಿ ಅಂಥ ಮಾತನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ.

ಮಗಳು ದೊಡ್ಡಮ್ಮನ ಮುಖವನ್ನೇ ನೋಡಿದಳು.

"ನಿಜವಾಗ್ಲೂ ಸರಿನಾ?"

ಅಕ್ಕನ ಮುಖ ಚಿಕ್ಕದಾಯಿತು. ಹೌದು ಎಂದು ತಲೆಯಾಡಿಸಿದಳು. ಮಗಳು ಹಲಗೆಯ ಕಡೆ ತಿರುಗಿ, ಮೊದಲ ಸಾಲಿನಿಂದ ಎಲ್ಲವನ್ನೂ ಮತ್ತೆ ಲೆಕ್ಕ ಹಾಕತೊಡಗಿದಳು.