ಕ್ಯಾಚರ್‌ಗೆ ಮೊದಲ ಪಂಕ್ತಿಯ ಊಟ

ಬಿಟಿಎಂ ಲೇಔಟಿನಲ್ಲಿ ನಮ್ಮದೊಂದು ಖಾನಾವಳಿ. ಅವ್ವ ರೊಟ್ಟಿ ಬಡಿಯುತ್ತಾಳೆ, ಅಪ್ಪ ಕೌಂಟರಿನಲ್ಲಿ ಕೂರುತ್ತಾನೆ, ಸುತ್ತಲಿನ ಪಿಜಿಗಳಲ್ಲಿರುವ ನಮ್ಮ ಉತ್ತರ ಕರ್ನಾಟಕದ ಕಡೆಯ ಹುಡುಗರು ಊಟಕ್ಕೆ ಬರುತ್ತಾರೆ. ಊರಿಗೆಲ್ಲ ಊಟ ಹಾಕುವ ಮನೆಯ ಮಗಳೇ ಕಡ್ಡಿಯ ಹಾಗಿದ್ದರೆ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

“ಅಕ್ಕಾರ, ನಿಮ್ಮ ಮಗಳನ್ನ ಒಳಗ ಕೂಡಸ್ರಿ,” ಎನ್ನುತ್ತಿದ್ದ ದಿನವೂ ಬರುವ ಒಬ್ಬ ಗಿರಾಕಿ. “ಈಕಿನ್ನ ನೋಡಿದ ಹೊಸಾ ಮಂದಿ, ಇಲ್ಲೆ ಊಟ ಛಲೋ ಇಲ್ಲ ಅಂತ ತಿಳೀತಾರ.”

“ನೀ ಉಂಡು ಇಷ್ಟ ದಪ್ಪ ಆಗೀಯಲ್ಲ,” ಅವ್ವ ತಲೆಯೆತ್ತದೆ ಹೇಳುತ್ತಿದ್ದಳು. “ನಿನ್ನ ಬಾಗಲದಾಗ ನಿಲ್ಲಸ್ತೀನಿ ತಗೋ.”

ಬೇಸ್‌ಬಾಲ್ ನನಗೆ ಸಿಕ್ಕಿದ್ದು ಡಿಗ್ರಿಗೆ ಸೇರಿದ ಮೇಲೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಬಸ್ಸಿನಲ್ಲಿ ನಿಂತುಕೊಂಡು ಓದಿ ಪಡೆದದ್ದು. ಆದರೆ ಹಟ ಹಿಡಿದು ಓದಿದರೆ ಡಿಗ್ರಿ ಬರುತ್ತದೆ ಎಂಬ ಧೈರ್ಯವಾದರೂ ಇತ್ತು. ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ ಸೇರುವ ವಿಷಯದಲ್ಲಿ ಆ ಧೈರ್ಯವೂ ಇರಲಿಲ್ಲ, ಆಸೆ ಮಾತ್ರ ಡಿಗ್ರಿಗಿಂತ ಜೋರಾಗಿತ್ತು.

ನಾನು ಕ್ಯಾಚರ್. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವಳು. ಮೊದಲ ಬೇಸಿನಲ್ಲಿ, ಅಂದರೆ ಓಡುವವರು ಮುಟ್ಟಬೇಕಾದ ಮೊದಲ ಮೂಲೆಯಲ್ಲಿ, ನಿಂತ ಎದುರಾಳಿ ಕಣ್ಣು ತಪ್ಪಿಸಿ ಎರಡನೇ ಬೇಸಿಗೆ ಓಡಿದರೆ, ಕೂತಲ್ಲಿಂದ ಎದ್ದು ಆ ಬೇಸಿನತ್ತ ಚೆಂಡೆಸೆದು ಅವಳನ್ನು ಔಟ್ ಮಾಡಿಸಬೇಕು. ಹಿಡಿಯುವುದು ನನಗೆ ಸಲೀಸು. ಎಸೆದ ಚೆಂಡು ಮಾತ್ರ ಅರ್ಧ ದಾರಿಯಲ್ಲಿ ನೆಲಕ್ಕೆ ಬಿದ್ದು, ಮಿಕ್ಕ ದಾರಿಯನ್ನು ಉರುಳಿಕೊಂಡೇ ಹೋಗುತ್ತಿತ್ತು. ಅಷ್ಟರಲ್ಲಿ ಓಡಿದವಳು ಬೇಸಿನ ಮೇಲೆ ನಿಂತು ಜಡೆ ಸರಿಮಾಡಿಕೊಳ್ಳುತ್ತಿದ್ದಳು.

ದಸರಾ ರಜೆ ಮುಗಿದ ವಾರ ನಮ್ಮ ಕೋಚ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಮೈಸೂರು ಕಡೆಯವರು, ಎತ್ತರದ ಆಳು, ಮಾತು ನೇರ.

“ಕೈಯಿಂದ ಎಸೀತಿದೀಯ ನೀನು. ಎಸೀಬೇಕಾಗಿರೋದು ತೊಡೆಯಿಂದ, ಸೊಂಟದಿಂದ. ಅವೆರಡೂ ನಿನ್ ಹತ್ರ ಇಲ್ಲ. ಸಂಕ್ರಾಂತಿ ಆದ್ಮೇಲೆ ಯೂನಿವರ್ಸಿಟಿ ಸೆಲೆಕ್ಷನ್ನು. ಅಷ್ಟೊತ್ತಿಗೆ ಮೈಗೆ ತೂಕ ಬರ್ಲಿಲ್ಲ ಅಂದ್ರೆ ಬೇರೆಯವ್ಳನ್ನ ಕಳಿಸ್ತೀನಿ. ಬೇಜಾರ್ ಮಾಡ್ಕೋಬೇಡ. ಮಧ್ಯಾಹ್ನ ಏನ್ ತಿಂತೀಯ?”

“ಉಳಿದಿದ್ದು, ಮೇಡಂ.”

ಅವರ ದನಿ ಮೆತ್ತಗಾಯಿತು. “ಮನೇಲಿ ಏನಾದ್ರೂ ತೊಂದ್ರೆನಾ?”

“ಇಲ್ಲ ಮೇಡಂ. ನಮ್ದು ಖಾನಾವಳಿ.”

ಮೇಡಂ ನಕ್ಕ ರಭಸಕ್ಕೆ ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು.

ನಗುವಂಥದ್ದೇ. ಬೆಳಿಗ್ಗೆ ಚಹಾ ಕುಡಿದು ಕಾಲೇಜಿಗೆ ಹೋದರೆ ಒಂದು ಗಂಟೆಗೆ ಬಿಡುತ್ತಿತ್ತು. ಅಲ್ಲಿಂದ ಬಂದವಳೇ ಬಡಿಸಲು ನಿಲ್ಲುತ್ತಿದ್ದೆ. ಗಿರಾಕಿ ಉಣ್ಣುವ ಮೊದಲು ಮನೆಯವರು ಉಂಡರೆ ಅಡುಗೆಯ ಏಳಿಗೆ ಹೋಗುತ್ತದೆ ಎಂಬುದು ಅವ್ವನ ನಂಬಿಕೆ. ಅವಳೂ ಹಾಗೇ ಉಣ್ಣುತ್ತಿದ್ದಳು, ಅವಳ ಅವ್ವನೂ. ನಮ್ಮ ಊಟ ಮೂರೂವರೆಗೆ, ನನ್ನ ಪ್ರಾಕ್ಟೀಸು ನಾಲ್ಕಕ್ಕೆ. ಹಾಗಾಗಿ ದಿನವಿಡೀ ನಾನು ಹಸಿದಿರುತ್ತಿದ್ದೆ, ಆಡುವ ಹೊತ್ತಿಗೆ ಮಾತ್ರ ಹೊಟ್ಟೆ ಬಿರಿಯುತ್ತಿತ್ತು.

ಮೇಡಂ ಹೇಳಿದ್ದನ್ನು ಕೇಳಿ ಮೊದಲು ನಾನೇ ಒಂದು ಉಪಾಯ ಮಾಡಿದೆ. ಮೂರೂವರೆಯ ಆ ಊಟದಲ್ಲೇ ಎರಡು ರೊಟ್ಟಿಯ ಜಾಗದಲ್ಲಿ ಐದು ತಿಂದೆ, ಮೇಲೊಂದು ಶೇಂಗಾ ಹೋಳಿಗೆ. ಮೈದಾನದಲ್ಲಿ ಕುಕ್ಕರಗಾಲಿನಲ್ಲಿ ಕೂತೆ, ಮುಖಕ್ಕೆ ಮಾಸ್ಕ್ ಏರಿಸಿದೆ, ಎಂಥ ಸುಖವಾದ ನಿದ್ದೆ ಬಂತೆಂದರೆ ಚೆಂಡು ಮಾಸ್ಕಿಗೆ ಬಡಿದಾಗಲೇ ಎಚ್ಚರ.

ಜಿಮ್ಮಿಗೆ ಹೋಗುವ ಬೆಂಗಳೂರಿನ ಹುಡುಗನೊಬ್ಬ ಊಟಕ್ಕೆ ಬರುತ್ತಿದ್ದ. ಅವನಿಗೆ ವಿಷಯ ತಿಳಿಯಿತು. “ಸಿಸ್ಟರ್, ದಿನಾ ಆರು ಎಗ್ ವೈಟ್ ಹೊಡೀರಿ, ಸಖತ್ ಬಾಡಿ ಬರತ್ತೆ,” ಎಂದ. ಆ ಶಬ್ದ ನಮ್ಮ ಸಸ್ಯಾಹಾರಿ ಖಾನಾವಳಿಯೊಳಗೆ ಬಿದ್ದದ್ದೇ ಮೊದಲು. ಅವ್ವ ಅವನ ತಟ್ಟೆಗೆ ಇನ್ನೊಂದು ಸೌಟು ಹೆಸರುಕಾಳು ಪಲ್ಯ ಹಾಕಿ, “ನೀ ಮೊದ್ಲ ಇದನ್ನ ಮುಗಸಪ್ಪಾ,” ಎಂದಳು.

ವಾರದ ನಂತರ, ಊಟದ ಗದ್ದಲದ ಹೊತ್ತಿನಲ್ಲೇ ಮೇಡಂ ಬಂದುಬಿಟ್ಟರು. ಟ್ರ್ಯಾಕ್‌ಸೂಟಿನಲ್ಲಿ, ಗಂಡಸರೇ ತುಂಬಿದ್ದ ಖಾನಾವಳಿಯ ನಟ್ಟನಡುವಿನ ಟೇಬಲ್ಲಿಗೆ.

“ಎರಡು ಊಟ ಹಾಕಿ ಅಕ್ಕ.”

“ಇನ್ನೊಬ್ರು ಯಾರ್ ಬರೋರದಾರ್ರಿ?” ಅವ್ವ ಕೇಳಿದಳು.

ಮೇಡಂ ನನ್ನತ್ತ ತೋರಿಸಿದರು. ನನ್ನ ಕೈಯಲ್ಲಿ ಸಾರಿನ ಬಕೆಟ್ಟು.

“ಆಕಿ ಹಿಂದಾಗಡೆ ಉಣ್ತಾಳ್ರೀ.”

“ನಾನು ಒಬ್ಳೇ ಊಟ ಮಾಡೋದಿಲ್ಲ ಅಕ್ಕ. ಕಾಯ್ತೀನಿ ಬಿಡಿ.” ಮೇಡಂ ಖಾಲಿ ತಟ್ಟೆಯ ಮುಂದೆ ಕೈ ಕಟ್ಟಿ ಕೂತರು.

ಅವ್ವ ಒಲೆಯ ಮುಂದೆಯೇ ನಿಂತಳು. ತಟ್ಟೆಯ ಮುಂದೆ ಕೂತ ಗಿರಾಕಿ ಹಸಿದುಕೊಂಡಿರುವುದು ಅವಳಿಗೆ ಆಗದ ಮಾತು. ಮಗಳು ಮೊದಲು ಉಣ್ಣುವುದೂ ಆಗದ ಮಾತು. ಕೌಂಟರಿನಿಂದ ಅಪ್ಪ ನೋಡುತ್ತಿದ್ದ, ರೊಟ್ಟಿ ಮುರಿಯುತ್ತಿದ್ದವರೂ ಕೈ ನಿಲ್ಲಿಸಿದ್ದರು. ಕಡೆಗೆ ಅವ್ವ ಬಂದು ನನ್ನ ಕೈಯಿಂದ ಬಕೆಟ್ಟು ಇಸಿದುಕೊಂಡಳು.

“ಕೂಡ್ರಿ,” ಎಂದಳು ನನಗೆ.

ನಾನು ಕೂರದೆ ಬಾಯಿ ಬಿಟ್ಟುಕೊಂಡು ನೋಡಿದೆ.

“ಕೂಡ್ರೀ ಅಂದ್ನಲ್ಲ. ಇವತ್ತಿನಿಂದ ನೀವೂ ಗಿರಾಕಿ. ಏನ್ ಹಾಕ್ಲಿರಿ? ಎಣಗಾಯಿ, ಝುಣಕ?”

ಊಟದ ಮನೆಯೆಲ್ಲ ನಕ್ಕಿತು. ಅಂದಿನಿಂದ ಮಧ್ಯಾಹ್ನ ಕಾಲೇಜಿನಿಂದ ಬಂದ ತಕ್ಷಣ ನನಗೊಂದು ಕುರ್ಚಿ. ಉಣ್ಣುವಷ್ಟು ಹೊತ್ತು ಅವ್ವ ನನಗೆ ‘ರೀ’ ಹಚ್ಚಿಯೇ ಮಾತಾಡುತ್ತಿದ್ದಳು. ನೀರು ಕೊಡಲು ನಾನು ಏಳಹೋದರೆ, “ಗಿರಾಕಿ ಏಳಬಾರದ್ರೀ,” ಎಂದು ಗದರುತ್ತಿದ್ದಳು. ಕೈ ತೊಳೆದು ಬಂದ ಕೂಡಲೇ, “ಏ, ಆ ತಾಟು ಎತ್ತ,” ಎನ್ನುತ್ತಿದ್ದಳು.

ತಿಂದದ್ದು ಹೊಸತೇನಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಗಟ್ಟಿ ಮೊಸರಿಗೆ ಕಲಸಿದ ಶೇಂಗಾ ಚಟ್ನಿ. ಬೆಳಿಗ್ಗೆ ಬರೀ ಚಹಾ ಬಿಟ್ಟು ಒಗ್ಗರಣೆ ಅವಲಕ್ಕಿ, ಪ್ರಾಕ್ಟೀಸಿಗೆ ಮುಂಚೆ ಬಾಳೆಹಣ್ಣು, ಮುಗಿದ ಮೇಲೆ ಹಾಲು, ಶೇಂಗಾ ಉಂಡೆ. ಹೊಟ್ಟೆ ಬಿರಿಯುವಂತೆ ಒಮ್ಮೆಲೇ ತಿನ್ನಬಾರದು, ಹಸಿಯಲೂ ಬಿಡಬಾರದು, ಭಾರ ಎತ್ತಿದ ದಿನ ಊಟ ತಪ್ಪಿಸಲೇಬಾರದು: ಮೇಡಂ ಹೇಳಿದ್ದು ಇಷ್ಟೇ.

ಭಾರ ಎತ್ತುವುದು ಕಾಲೇಜಿನ ಜಿಮ್ಮಿನಲ್ಲಿ. ಮೊದಲ ದಿನ ಬರೀ ರಾಡು ಹೆಗಲ ಮೇಲಿಟ್ಟುಕೊಂಡು ಕೂತವಳು ಏಳಲಾಗದೆ ಅಲ್ಲೇ ಉಳಿದೆ. “ಅಲ್ಲೇ ಬಿಡಾರ ಹೂಡ್ಬೇಡ, ಏಳು,” ಎಂದರು ಮೇಡಂ. ಕ್ರಮೇಣ ರಾಡಿನ ಎರಡು ಬದಿಗೂ ಕಬ್ಬಿಣದ ತಟ್ಟೆಗಳು ಬಂದವು. ಖಾನಾವಳಿಗೆ ಜೋಳದ ಮೂಟೆ ಬಂದರೆ ಆಟೋದಿಂದ ಅಡುಗೆಮನೆಗೆ ಹೊರುವುದೂ ನನ್ನ ಪಾಲಿಗೆ ಬಂತು. ತೂಕದ ಮಷೀನಿನ ಮುಳ್ಳು ತಿಂಗಳುಗಟ್ಟಲೆ ಸತಾಯಿಸಿ ಮೇಲೇರಿತು. ಟ್ರ್ಯಾಕ್‌ಪ್ಯಾಂಟು ತೊಡೆಯ ಹತ್ತಿರ ಬಿಗಿಯಾದ ದಿನ ನಾನು ಅದನ್ನು ತೊಟ್ಟು ಅಪ್ಪನ ಮುಂದೆ ಎರಡು ಸಲ ಓಡಾಡಿದೆ. ಅಪ್ಪ, “ಹೊಸಾದು ಬೇಕೇನು?” ಎಂದ. ಅವನಿಗೆ ಹೆಮ್ಮೆ ಅರ್ಥವಾಗಲಿಲ್ಲ, ಪ್ಯಾಂಟು ಅರ್ಥವಾಯಿತು.

ಸೆಲೆಕ್ಷನ್ ನಡೆದದ್ದು ಜಯನಗರದ ಕಡೆಯ ಒಂದು ಮೈದಾನದಲ್ಲಿ. ಬೇರೆ ಕಾಲೇಜಿನ ಹುಡುಗಿಯೊಬ್ಬಳು ಮೊದಲ ಬೇಸಿನಲ್ಲಿದ್ದಳು. ಚೆಂಡೆಸೆಯುವ ಪಿಚರ್ ಕೈ ಎತ್ತಿದ್ದೇ ತಡ, ಓಡಿದಳು. ಚೆಂಡು ನನ್ನ ಗ್ಲೌಸಿಗೆ ಬಿತ್ತು. ಎದ್ದೆ, ಕಾಲೂರಿದೆ, ಎಸೆದೆ. ಚೆಂಡು ನೆಲ ಮುಟ್ಟಲಿಲ್ಲ. ಎರಡನೇ ಬೇಸಿನಲ್ಲಿ ನಿಂತವಳು ಅದನ್ನು ಮೊಣಕಾಲಿನ ಎತ್ತರದಲ್ಲಿ ಹಿಡಿದು, ಜಾರಿ ಬಂದವಳ ಪಾದಕ್ಕೆ ಮುಟ್ಟಿಸಿದಳು.

“ಲಕ್ಕು,” ಎಂದರು ಆಯ್ಕೆ ಮಾಡುವವರಲ್ಲಿ ಒಬ್ಬರು. “ಇನ್ನೊಬ್ಳನ್ನ ಓಡ್ಸಿ.”

ಇನ್ನೊಬ್ಬಳು ಓಡಿದಳು, ಅವಳೂ ಔಟ್. ಮೂರನೆಯವಳು ನನ್ನನ್ನು ನೋಡಿ ಮೊದಲ ಬೇಸು ಬಿಟ್ಟು ಕದಲಲೇ ಇಲ್ಲ.

ಹೆಸರು ಓದಿದ ಕೂಡಲೇ ಮನೆಗೆ ಫೋನ್ ಮಾಡಿದೆ. ಊಟದ ಗದ್ದಲದ ನಡುವೆ ಅಪ್ಪನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಅವ್ವ ಫೋನ್ ಕಿತ್ತುಕೊಂಡಳು.

“ತಂಡದಾಗ ತೊಗೊಂಡ್ರವ್ವಾ. ಆಡಾಕ ಭುವನೇಶ್ವರಕ್ಕ ಹೋಗಬೇಕು. ರೈಲಿನಾಗ ಒಂದು ಹಗಲು, ಒಂದು ರಾತ್ರಿ.”

ಅವ್ವನ ಹಿಂದೆ ಯಾರೋ ಸಾರು ಕೇಳುತ್ತಿದ್ದರು.

“ಎಷ್ಟ ಮಂದಿ ಹೊಂಟೀರಿ?”

“ಹದಿನಾರು. ಮ್ಯಾಲೆ ಮೇಡಂ.”

“ಹಂಗಾರ ಕಡಕ್ ರೊಟ್ಟಿ ಮಾಡಿ ಕಟ್ಟತೀನಿ, ಎಷ್ಟ ದಿನಾ ಇಟ್ರೂ ಕೆಡೂದಿಲ್ಲ,” ಎಂದಳು ಅವ್ವ. “ಆ ಹುಡುಗ್ಯಾರೂ ನಿನ್ಹಂಗ ಕಡ್ಡಿನ ಅದಾರೇನು?”